ಕೊಲ್ಲೇರು ಸರೋವರ: ಸಂರಕ್ಷಣೆ ಮತ್ತು ಜೀವನೋಪಾಯ

ಪೀಠಿಕೆ

ರಾಯದುರ್ಗ, ಮಡಕಶಿರಾ, ಆದೋನಿ ಸೀಮೆಯ ಮಕ್ಕಳಿಗೆ ಕೆರೆ ಅಪರಿಚಿತವಲ್ಲ. ತೂಬು, ಏರಿ, ಕೋಡಿ, ಕೆರೆಯಂಗಳ ಇವೆಲ್ಲ ಅವರ ಮನೆಮಾತಿನ ಪದಗಳೇ. ಆದರೆ ಅವರು ಬಲ್ಲ ಕೆರೆ ಮಳೆಗಾಗಿ ಕಾಯುವ ಕೆರೆ. ಅದೇ ರಾಜ್ಯದ ಇನ್ನೊಂದು ತುದಿಯಲ್ಲಿ, ಕೃಷ್ಣಾ ಮತ್ತು ಗೋದಾವರಿ ನದಿಗಳ ಮುಖಜಭೂಮಿಗಳ ನಡುವೆ, ಕೊಲ್ಲೇರು ಎಂಬ ವಿಶಾಲವಾದ ಸಿಹಿನೀರಿನ ಸರೋವರವಿದೆ. ಅಲ್ಲಿ ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲಬೇಕೆಂಬುದೇ ಪ್ರಶ್ನೆ. ಪರಿಸರ ಪಾಠಗಳಲ್ಲಿ ಕೊಲ್ಲೇರನ್ನು ಹಕ್ಕಿಗಳ ತಾಣವೆಂದು ಒಂದು ವಾಕ್ಯದಲ್ಲಿ ಮುಗಿಸುವುದು ರೂಢಿ. ಅದರ ದಡದಲ್ಲಿ ಬದುಕುವವರ ಅನ್ನದ ಪ್ರಶ್ನೆಯನ್ನೂ ಸೇರಿಸಿ ಬೋಧಿಸಿದಾಗ ಮಾತ್ರ ಪಾಠ ಪೂರ್ಣವಾಗುತ್ತದೆ.

ಕಲಿಕೆಯ ಉದ್ದೇಶಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು
1. ತಗ್ಗಿನ ಸರೋವರವೊಂದು ಪ್ರವಾಹವನ್ನು ತಡೆಯುವ ಬಗೆಯನ್ನು ವಿವರಿಸುವರು.
2. ಸಮೋನ್ನತಿ ರೇಖೆಯ ಅರ್ಥವನ್ನು ಪ್ರಯೋಗದ ಮೂಲಕ ತಿಳಿಯುವರು.
3. ಸಂರಕ್ಷಣೆಯ ಲಾಭ ಯಾರಿಗೆ, ಅದರ ಹೊರೆ ಯಾರ ಮೇಲೆ ಎಂಬುದನ್ನು ಪ್ರತ್ಯೇಕಿಸಿ ಹೇಳುವರು.

ವಿಷಯ ನಿರೂಪಣೆ

ಕೊಲ್ಲೇರು ಆಳವಿಲ್ಲದ, ತಟ್ಟೆಯಂತೆ ಹರಡಿದ ಸರೋವರ. ಬುಡಮೇರು, ತಮ್ಮಿಲೇರು ಮೊದಲಾದ ಹಳ್ಳಗಳೂ ಅನೇಕ ಕಾಲುವೆಗಳೂ ತಮ್ಮ ನೀರನ್ನು ಇದಕ್ಕೆ ತಂದು ಸುರಿಯುತ್ತವೆ. ಹೊರಹೋಗಲು ಇರುವ ಮುಖ್ಯ ದಾರಿ ಉಪ್ಪುಟೇರು ಒಂದೇ. ಸುಮಾರು 60 ಕಿಲೋಮೀಟರು ಹರಿದು ಅದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಮ್ಮ ಕೆರೆಗೆ ಕೋಡಿ ಇರುವಂತೆ ಕೊಲ್ಲೇರಿಗೆ ಉಪ್ಪುಟೇರು ಎಂದು ಹೇಳಿದರೆ ಮಕ್ಕಳಿಗೆ ಸುಲಭವಾಗಿ ಮನದಟ್ಟಾಗುತ್ತದೆ. ಒಳಹರಿವು ಹಲವು, ಹೊರಹರಿವು ಒಂದು. ಆದ್ದರಿಂದ ಬಂದ ನೀರು ಕೆಲಕಾಲ ಹರಡಿ ನಿಂತು ನಿಧಾನವಾಗಿ ಇಳಿಯಲೇಬೇಕು. ಹಾಗೆ ನಿಲ್ಲುವ ಜಾಗವೇ ಸುತ್ತಲಿನ ಊರುಗಳಿಗೂ ಗದ್ದೆಗಳಿಗೂ ರಕ್ಷೆ. ಸರೋವರದ ಮಟ್ಟ ತೀರ ಕುಸಿದಾಗ ಇದೇ ದಾರಿಯಲ್ಲಿ ಸಮುದ್ರದ ಉಪ್ಪುನೀರು ಹಿಮ್ಮೊಗವಾಗಿ ಏರಿಬರುವುದೂ ಉಂಟು.

ದಡದ ಮತ್ತು ನಡುಗಡ್ಡೆಗಳ ಜನರು ತಲೆಮಾರುಗಳಿಂದ ಬಲೆ ಬೀಸಿ ಮೀನು ಹಿಡಿದರು; ಬೇಸಿಗೆಯಲ್ಲಿ ನೀರು ಹಿಂಜರಿದಾಗ ತೆರೆದ ನೆಲದಲ್ಲಿ ಭತ್ತ ಬೆಳೆದರು. 1970ರ ದಶಕದಲ್ಲಿ ಸರ್ಕಾರವೇ ಬಡ ಮೀನುಗಾರರ ಸಹಕಾರ ಸಂಘಗಳಿಗೆ ಸರೋವರದ ಅಂಗಳದಲ್ಲಿ ಮೀನುಕೊಳ ನಿರ್ಮಿಸಲು ಉತ್ತೇಜನ ನೀಡಿತು. ರೋಹು, ಕಾಟ್ಲಾ ಮೀನುಗಳಿಗೆ ದೂರದ ಮಾರುಕಟ್ಟೆಗಳಲ್ಲಿ ಬೇಡಿಕೆ ಬೆಳೆದಂತೆ ಹೊರಗಿನ ಬಂಡವಾಳ ಹರಿದುಬಂತು. ಸಂಘಗಳ ಕೊಳಗಳು ಗುತ್ತಿಗೆಗೆ ಹೋದವು. ಎತ್ತರದ ಒಡ್ಡುಗಳ ದೊಡ್ಡ ಕೊಳಗಳು ಸರೋವರದ ಬಹುಭಾಗವನ್ನು ಆಕ್ರಮಿಸಿದವು. ಎಷ್ಟೋ ಕಡೆ ಕೊಳದ ಹಕ್ಕುಳ್ಳವನೇ ಅದೇ ಕೊಳದ ಕೂಲಿಯಾದನು.

ಮೀನುಕೊಳ ಸದಾ ತುಂಬಿರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯದು. ಆದ್ದರಿಂದ ಕೊಳ ಹೆಚ್ಚಿದಷ್ಟೂ ಪ್ರವಾಹದ ನೀರಿಗೆ ಜಾಗ ಕಡಿಮೆ. ಮೀನಿನ ಆಹಾರ ಮತ್ತು ಗೊಬ್ಬರದ ಶೇಷ ನೀರಿಗೆ ಸೇರಿ ಅಂತರಗಂಗೆ ಕಳೆ ಹಬ್ಬಿತು. ತೆರೆದ ನೀರಿನ ಮೀನು ಕುಗ್ಗಿತು. ಬಲೆಯನ್ನೇ ನಂಬಿದವರ ಆದಾಯ ಇಳಿಯಿತು.

1999ರಲ್ಲಿ ಸಮುದ್ರಮಟ್ಟದಿಂದ 5 ಅಡಿ ಎತ್ತರದ ಸಮೋನ್ನತಿ ರೇಖೆಯವರೆಗಿನ ಸುಮಾರು 308 ಚದರ ಕಿಲೋಮೀಟರು ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. 2002ರಲ್ಲಿ 901 ಚದರ ಕಿಲೋಮೀಟರು ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. 2006ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ವನ್ಯಜೀವಿಧಾಮದೊಳಗಿನ ಮೀನುಕೊಳಗಳ ಒಡ್ಡುಗಳನ್ನು ಒಡೆಯಲಾಯಿತು. ಈ ಕಾರ್ಯಾಚರಣೆ ‘ಆಪರೇಷನ್ ಕೊಲ್ಲೇರು’ ಎಂದು ಹೆಸರಾಯಿತು. ಸರೋವರಕ್ಕೆ ಉಸಿರಾಡಲು ಜಾಗ ದೊರೆಯಿತು. ಆದರೆ ಬಂಡವಾಳದಾರನ ಕೊಳ ಒಡೆದಾಗ ಹೋದದ್ದು ಅವನ ಒಂದು ವ್ಯವಹಾರ. ಕೂಲಿಯವನ ಪಾಲಿಗೆ ಹೋದದ್ದು ದಿನದ ಗಂಜಿ. ರೇಖೆಯೊಳಗೆ ಪಟ್ಟಾ ಜಮೀನುಳ್ಳ ರೈತರೂ ಸಂಕಷ್ಟಕ್ಕೆ ಸಿಲುಕಿದರು. ಕೆಲವು ಕೊಳಗಳು ಕ್ರಮೇಣ ಮತ್ತೆ ತಲೆಯೆತ್ತಿದವು.

2008ರಲ್ಲಿ ರಾಜ್ಯ ವಿಧಾನಸಭೆಯು ಗಡಿಯನ್ನು 5 ಅಡಿಯಿಂದ 3 ಅಡಿ ರೇಖೆಗೆ ಇಳಿಸಬೇಕೆಂದು ನಿರ್ಣಯಿಸಿತು. ಕೇಂದ್ರ ಸರ್ಕಾರ ನೇಮಿಸಿದ ಪಿ. ಎ. ಅಜೀಜ್ ಅಧ್ಯಕ್ಷತೆಯ ಸಮಿತಿಯು 5 ಅಡಿ ರೇಖೆಯನ್ನೇ ಉಳಿಸಬೇಕೆಂದು ಸಲಹೆ ನೀಡಿತು. ಕಾಗದದ ಮೇಲೆ 2 ಅಡಿ ಅಲ್ಪವೆನಿಸಬಹುದು. ನೆಲ ಬಹುತೇಕ ಸಮತಟ್ಟಾಗಿರುವಲ್ಲಿ ಆ 2 ಅಡಿಯಿಂದ ವನ್ಯಜೀವಿಧಾಮದ ಅರ್ಧಕ್ಕಿಂತ ಹೆಚ್ಚು ಭಾಗ ಕೈಬಿಟ್ಟುಹೋಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದುದನ್ನು ನೆನೆದರೆ, ಹಳ್ಳಕ್ಕೂ ಅದು ಸೇರುವ ಸರೋವರಕ್ಕೂ ಜಾಗ ಉಳಿಸುವುದು ಹಕ್ಕಿಗಳಿಗಾಗಿ ಮಾತ್ರವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಪ್ರಯೋಗ

ಶಾಲೆಯ ಅಂಗಳದಲ್ಲಿ ತಟ್ಟೆಯಾಕಾರದ ಅಗಲವಾದ ತಗ್ಗು ತೋಡಿ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಎರಡು ಚೊಂಬು ನೀರು ಸುರಿದು, ನೀರಿನ ಅಂಚು ತಲುಪಿದಲ್ಲಿ ಸುತ್ತಲೂ ಗುರುತು ಮಾಡಬೇಕು. ಆ ಗುರುತೇ ಸಮೋನ್ನತಿ ರೇಖೆ. ಇನ್ನೊಂದು ಚೊಂಬು ಸುರಿದು ಎರಡನೆಯ ಗುರುತು ಹಾಕಬೇಕು. ಅನಂತರ ನೀರು ತೆಗೆದು, ತಗ್ಗಿನೊಳಗೆ ಜೇಡಿಮಣ್ಣಿನ ಎತ್ತರದ ಒಡ್ಡುಗಳಿಂದ ನಾಲ್ಕಾರು ಕೊಳ ಕಟ್ಟಿ ಅವುಗಳನ್ನು ತುಂಬಿಸಬೇಕು. ಕೊಳಗಳ ಹೊರಗಿನ ಜಾಗಕ್ಕೆ ಮೊದಲಿನಂತೆ ಮೂರು ಚೊಂಬು ನೀರು ಸುರಿದಾಗ ಅದು ಎರಡನೆಯ ಗುರುತನ್ನು ದಾಟುವುದನ್ನು ಮಕ್ಕಳೇ ಕಾಣುವರು. ಮೊದಲೇ ಅಂಚಿನಲ್ಲಿ ಕಡ್ಡಿಗಳಿಂದ ಮನೆಗಳನ್ನು ನಿಲ್ಲಿಸಿದ್ದರೆ ವಿವರಣೆಯೇ ಬೇಕಾಗದು.

ಗ್ರಾಮಸಭೆ ಚಟುವಟಿಕೆ

ತರಗತಿಯನ್ನು ಐದು ಗುಂಪು ಮಾಡಿ ಬಲೆ ಬೀಸುವವರು, ಕೊಳದ ಕೂಲಿಯವರು, ಪಟ್ಟಾ ಜಮೀನಿನ ರೈತರು, ಪ್ರವಾಹಕ್ಕೆ ಸಿಲುಕುವ ಊರಿನವರು, ಅರಣ್ಯ ಸಿಬ್ಬಂದಿ ಎಂದು ಪಾತ್ರ ಹಂಚಬೇಕು. ಪ್ರತಿ ಗುಂಪೂ ತನ್ನ ಬೇಡಿಕೆಯೊಂದನ್ನೂ ತಾನು ಬಿಟ್ಟುಕೊಡಬಲ್ಲ ಅಂಶವೊಂದನ್ನೂ ಹೇಳಬೇಕು. ಎರಡನೆಯದು ಕಡ್ಡಾಯ. ಯಾವ ಗುಂಪನ್ನೂ ಖಳನಾಗಿ ಚಿತ್ರಿಸದಂತೆ ಶಿಕ್ಷಕರು ಎಚ್ಚರ ವಹಿಸಬೇಕು.

ಚರ್ಚೆಯ ಕೊನೆಗೆ ರಾಮ್ಸಾರ್ ಒಪ್ಪಂದದ ಮೂಲ ತತ್ತ್ವವನ್ನು ಪರಿಚಯಿಸಬಹುದು. 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ರೂಪುಗೊಂಡ ಈ ಒಪ್ಪಂದವು ಜೌಗುಭೂಮಿಯನ್ನು ಜನರಿಂದ ಬೇರ್ಪಡಿಸಲು ಹೇಳುವುದಿಲ್ಲ. ಅದರ ಸಹಜ ಗುಣ ಕೆಡದಂತೆ ಬಳಸುವ ‘ವಿವೇಕದ ಬಳಕೆ’ಯನ್ನು ಬೋಧಿಸುತ್ತದೆ.

ಸ್ಥಳೀಯ ಸಂಬಂಧ

ಕೊಲ್ಲೇರಿನ ಆಟಪಾಕದಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟಲು ಅರಣ್ಯ ಇಲಾಖೆ ಕಬ್ಬಿಣದ ಅಟ್ಟಣಿಗೆಗಳನ್ನು ನಿಲ್ಲಿಸಿದೆ. ಇದೇ ಬಣ್ಣದ ಕೊಕ್ಕರೆ ಹಿಂದೂಪುರದ ಸೀಮೆಯ ವೀರಾಪುರದಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟುತ್ತದೆ. ಗ್ರಾಮಸ್ಥರು ಅದನ್ನು ಶುಭವೆಂದು ಕಾಪಾಡುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಎರಡೂ ಹಕ್ಕಿಗಳಿವೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಈ ಊರುಗಳಲ್ಲಿ ಹಕ್ಕಿಗಾಗಿ ಜನ ತೆರುವುದು ಹೆಚ್ಚೆಂದರೆ ಒಂದಿಷ್ಟು ಹುಣಸೆಫಲ. ಕೊಲ್ಲೇರಿನಲ್ಲಿ ಕೇಳುತ್ತಿರುವುದು ಕುಟುಂಬದ ವರ್ಷದ ಆದಾಯ. ಬೆಳ್ಳೂರಿನವರು ಒಳ್ಳೆಯವರು, ಕೊಲ್ಲೇರಿನವರು ದುರಾಸೆಯವರು ಎಂಬ ತೀರ್ಮಾನಕ್ಕೆ ಮಕ್ಕಳು ಬಾರದಂತೆ ಈ ಅಂತರವನ್ನು ಬಿಡಿಸಿ ಹೇಳುವುದು ಅಗತ್ಯ.

ಭಾಷಾ ಸೂಚನೆ

ತೆಲುಗಿನ ‘ಏರು’ ಎಂದರೆ ಹೊಳೆ ಅಥವಾ ಹಳ್ಳ. ಕನ್ನಡದಲ್ಲಿ ‘ಏರು’ ಹತ್ತುವುದನ್ನೂ ‘ಏರಿ’ ಕೆರೆಯ ಕಟ್ಟೆಯನ್ನೂ ಸೂಚಿಸುತ್ತದೆ. ಬುಡಮೇರು, ಉಪ್ಪುಟೇರು ಎಂಬ ಹೆಸರುಗಳು ಬಂದಾಗ ಈ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಕು. ಎರಡೂ ಭಾಷೆ ಬಲ್ಲ ಮಕ್ಕಳಿಗೆ ಇದು ಗೊಂದಲವಾಗದೆ ಆನಂದದ ಕಲಿಕೆಯಾಗುತ್ತದೆ.

ಮೌಲ್ಯಮಾಪನ

1. ತುಂಬಿದ ಮೀನುಕೊಳ ಪ್ರವಾಹವನ್ನು ತಡೆಯಲಾರದು. ಏಕೆ?
2. 5 ಅಡಿ ರೇಖೆಯನ್ನು 3 ಅಡಿಗೆ ಇಳಿಸಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ? ಎರಡು ಪಟ್ಟಿಗಳನ್ನು ಬರೆಯಿರಿ.
3. ಒಡ್ಡು ಒಡೆಯುವ ಮುನ್ನ ಕೊಳದ ಕೂಲಿಯವರಿಗಾಗಿ ಏನೇನು ವ್ಯವಸ್ಥೆ ಮಾಡಬೇಕು? ಮೂರು ಸಲಹೆ ನೀಡಿರಿ.
4. ನಿಮ್ಮೂರ ಕೆರೆಯ ಅಂಗಳವನ್ನು ಈಗ ಯಾರು ಯಾರು ಯಾವುದಕ್ಕಾಗಿ ಬಳಸುತ್ತಿದ್ದಾರೆ? ಹಿರಿಯರಿಬ್ಬರನ್ನು ಕೇಳಿ ಒಂದು ಪುಟ ಬರೆದು ತನ್ನಿರಿ.