ತೊಗರಿಯ ನಾಡಿನಲ್ಲಿ ದ್ವಿದಳವ್ರತ

ಅನ್ನವು ದೇಹಪೋಷಣೆಗೆ ಸಾಧನವೆಂಬುದು ಸರ್ವವಿದಿತ. ಆದರೆ ಅದು ಶ್ರೀಹರಿಗೆ ನಿವೇದಿತವಾಗಿ, ಅತಿಥಿ ಅಭ್ಯಾಗತರಿಗೆ ಸಂದು, ಉಳಿದುದು ನಮ್ಮ ಎಲೆಗೆ ಬರಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ತನಗಾಗಿಯೇ ಬೇಯಿಸಿಕೊಳ್ಳುವವನು ಉಣ್ಣುವುದು ಪಾಪವನ್ನೇ ಎಂಬ ಎಚ್ಚರಿಕೆ ಗೀತೆಯ ಮೂರನೆಯ ಅಧ್ಯಾಯದಲ್ಲಿದೆ. ಈ ತತ್ತ್ವವನ್ನು ನಾಲ್ಕು ತಿಂಗಳು ಅಡಿಗೆಮನೆಯಲ್ಲಿಯೇ ಅಭ್ಯಾಸ ಮಾಡಿಸುವುದು ಚಾತುರ್ಮಾಸ್ಯವ್ರತ.

ಆಷಾಢ ಶುದ್ಧ ಏಕಾದಶಿಯಿಂದ ಶಾಕವ್ರತ, ಶ್ರಾವಣದಲ್ಲಿ ಅದೇ ತಿಥಿಯಿಂದ ದಧಿವ್ರತ, ಭಾದ್ರಪದದಲ್ಲಿ ಕ್ಷೀರವ್ರತ, ಆಶ್ವಯುಜ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ದಶಮಿಯವರೆಗೆ ದ್ವಿದಳವ್ರತ. ಇವುಗಳಲ್ಲಿ ಕ್ರಮವಾಗಿ ಕಾಯಿಪಲ್ಯ, ಮೊಸರು, ಹಾಲು, ಬೇಳೆಕಾಳುಗಳು ವರ್ಜ್ಯ. ನಮ್ಮ ನೆರೆಯ ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ತೀರದಲ್ಲಿ, ಆಷಾಢ ಬಹುಳ ಪಂಚಮಿಯಂದು ಜರುಗುವ ಶ್ರೀ ಜಯತೀರ್ಥರ ಆರಾಧನೆಯು ಶಾಕವ್ರತದ ಅವಧಿಯಲ್ಲಿಯೇ ಬರುತ್ತದೆ. ಗುರುಗಳ ಮಹೋತ್ಸವದ ನೈವೇದ್ಯಕ್ಕೂ ವ್ರತದ ನಿಯಮವೇ ಅನ್ವಯಿಸುತ್ತದೆ. ಉತ್ಸವವೆಂದು ಅದು ಸಡಿಲವಾಗುವುದಿಲ್ಲ.

ಚಂದಾಪುರ, ಚಿಂಚೋಳಿ ಭಾಗದವರಿಗೆ ನಿಜವಾದ ಪರೀಕ್ಷೆ ನಾಲ್ಕನೆಯ ತಿಂಗಳಲ್ಲಿ. ಕಲಬುರಗಿ ಜಿಲ್ಲೆಯು ತೊಗರಿಯ ಕಣಜವೆಂದು ಪ್ರಸಿದ್ಧ. ಇಲ್ಲಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಹೊಲದಲ್ಲಿ ಹೂವಾಡುವ ಹೊತ್ತಿಗೆ ನಮ್ಮ ಎಲೆಯಲ್ಲಿ ತೊವ್ವೆಯಿಲ್ಲ, ಕಟ್ಟಿನ ಸಾರಿಲ್ಲ. ದೀಪಾವಳಿಯೂ ಈ ಅವಧಿಯಲ್ಲಿಯೇ ಬರುವುದರಿಂದ ಹೂರಣದ ಹೋಳಿಗೆಯ ಸ್ಥಾನದಲ್ಲಿ ಸಜ್ಜಕದ ಹೋಳಿಗೆ. ಇಲ್ಲದುದನ್ನು ಬಿಡುವುದು ತ್ಯಾಗವಲ್ಲ. ಮನೆಯಲ್ಲಿ ಚೀಲ ತುಂಬಿರುವಾಗ ಕೈಹಾಕದಿರುವುದೇ ವ್ರತ. ಭೂಮಿಯ ಬೆಳೆ ನಮ್ಮದಲ್ಲ, ಸ್ವಾಮಿಯದು ಎಂಬ ಅರಿವು ಹೀಗೆ ನಾಲಗೆಯ ಮೂಲಕವೇ ಮನಸ್ಸಿಗೆ ಇಳಿಯುತ್ತದೆ.

ಆದರೆ ಇಂದು ನಾವು ವಿಚಾರಿಸಬೇಕಾದುದೊಂದಿದೆ. ಬಿಟ್ಟ ಪದಾರ್ಥಕ್ಕೆ ಬದಲಾಗಿ ನಾಲ್ಕು ಬಗೆಯ ಭಕ್ಷ್ಯಗಳನ್ನು ಮಾಡಿಸಿ, ಮನೆಯ ಹೆಣ್ಣುಮಕ್ಕಳ ಶ್ರಮವನ್ನು ಇಮ್ಮಡಿಸಿದರೆ ಅದು ನಾಲಗೆಯ ವ್ರತವಾಗುವುದೇ ಹೊರತು ಹರಿಪ್ರೀತಿಯದಾಗದು. ರೋಗಿಗಳು, ಬಾಲಕರು, ವೃದ್ಧರು ಶಕ್ತಿಯಿದ್ದಷ್ಟು ಆಚರಿಸಲಿ. ಅವರನ್ನು ಒತ್ತಾಯಪಡಿಸುವುದು ಧರ್ಮವಲ್ಲ. ದೂರದ ನಗರಗಳ ವಸತಿಗೃಹಗಳಲ್ಲಿ ಓದುವ ನಮ್ಮ ಮಕ್ಕಳು ಸಾರು ಬಿಡಲಾಗದಿದ್ದರೆ ಒಂದು ಪ್ರಿಯ ಪದಾರ್ಥವನ್ನಾದರೂ ಸಂಕಲ್ಪಪೂರ್ವಕವಾಗಿ ಬಿಡಲಿ.

ಇದಕ್ಕಿಂತ ಮುಖ್ಯವಾದುದು, ಉಳಿದ ಬೇಳೆಯ ಗತಿ. ಒಂದು ತಿಂಗಳು ನಾವು ಉಣ್ಣದ ತೊಗರಿಯು ಡಬ್ಬಿಯಲ್ಲಿಯೇ ಉಳಿದು ಮುಂದಿನ ತಿಂಗಳು ನಮ್ಮ ಸಾರಿಗೇ ಬಿದ್ದರೆ ಅದು ಉಳಿತಾಯ, ತ್ಯಾಗವಲ್ಲ. ಪುಷ್ಯದ ಚಳಿಯಲ್ಲಿ ತೊಗರಿಯನ್ನು ಕೊಯ್ದು ರಾಶಿಮಾಡಿದ ಕೂಲಿಯವರ ಮನೆಯಲ್ಲಿ ಎಷ್ಟೋ ಸಲ ರೊಟ್ಟಿಗೆ ಖಾರವೇ ಜೊತೆ. ನಮ್ಮ ಮನೆಯ ಒಂದು ತಿಂಗಳ ಬೇಳೆಯನ್ನು ಅಳೆದು ಅಂಥ ಮನೆಗೆ, ಕಾರ್ತಿಕ ದ್ವಾದಶಿಯ ಪಾರಣೆಗೆ ಮುನ್ನವೇ, ಗೌರವದಿಂದ ಮುಟ್ಟಿಸೋಣ. ಅಂತರ್ಯಾಮಿಯಾದ ಸ್ವಾಮಿಯು ಅಲ್ಲಿಯೂ ಇದ್ದು ಅದನ್ನು ಸ್ವೀಕರಿಸುವನೆಂಬ ಅನುಸಂಧಾನವಿರಲಿ. ಆಗ ನಮ್ಮ ವ್ರತವು ಪೂರ್ಣವಾಗುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.