ತಾಂತ್ರಿಕ ಸಂದರ್ಶನದಲ್ಲಿ ಕೇಳುವುದೇನು?

ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ಮೇಲೆ ಎದುರಾಗುವ ಒಂದು ಪರೀಕ್ಷೆಗೆ ನಿಗದಿಯಾದ ಪಠ್ಯಪುಸ್ತಕವಿಲ್ಲ. ಅದೇ ಕೆಲಸಕ್ಕಾಗಿ ನಡೆಯುವ ತಾಂತ್ರಿಕ ಸಂದರ್ಶನ. ನಮ್ಮ ಶಾಲೆಯಲ್ಲಿ ಹನ್ನೆರಡನೇ ತರಗತಿ ಮುಗಿಸಿ ಸುರತ್ಕಲ್, ಮಣಿಪಾಲ, ಮೈಸೂರು, ಬೆಂಗಳೂರು ಎಂದು ಹೊರಡುವ ಮಕ್ಕಳಿಗೂ, ಅವರ ಶುಲ್ಕಕ್ಕಾಗಿ ಇಲ್ಲಿ ಬಿಸಿಲಲ್ಲಿ ದುಡಿಯುವ ಪೋಷಕರಿಗೂ ಇದರ ಬಗ್ಗೆ ಕುತೂಹಲಕ್ಕಿಂತ ಭಯವೇ ಹೆಚ್ಚು. ಕೊಲ್ಲಿಯಲ್ಲಿ ಇಂಜಿನಿಯರ್ ವೃತ್ತಿಯಲ್ಲಿರುವ ನಾವು ಕೆಲವು ಪೋಷಕರು ಮೇಜಿನ ಒಂದು ಬದಿಯಲ್ಲಿ ಕುಳಿತು ಉತ್ತರ ಹೇಳಿದವರು, ಈಗ ಇನ್ನೊಂದು ಬದಿಯಲ್ಲಿ ಕುಳಿತು ಪ್ರಶ್ನೆ ಕೇಳುವವರು. ಆ ಕೋಣೆಯೊಳಗೆ ನಡೆಯುವುದನ್ನು ಇಲ್ಲಿ ಹೇಳುತ್ತೇವೆ.

ಕಾಲೇಜಿಗೇ ಬಂದು ನಡೆಸುವ ಕ್ಯಾಂಪಸ್ ಸಂದರ್ಶನದಲ್ಲಿ ಸಾಮಾನ್ಯವಾಗಿ ಮೊದಲು ಲಿಖಿತ ಪರೀಕ್ಷೆ, ನಂತರ ತಾಂತ್ರಿಕ ಸಂದರ್ಶನ, ಕೊನೆಗೆ ಸಂಬಳ, ಊರು, ಸ್ವಭಾವಗಳ ಮಾತುಕತೆ. 2000ದ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಲಿಖಿತ ಪರೀಕ್ಷೆಯಲ್ಲಿ ಒಗಟುಗಳದ್ದೇ ರಾಜ್ಯಭಾರ. ಬೆಂಗಳೂರಿನಲ್ಲಿ ಹುಟ್ಟಿದ ಗಣಿತ ಪ್ರತಿಭೆ ಶಕುಂತಲಾ ದೇವಿಯವರ ಒಗಟಿನ ಪುಸ್ತಕಗಳು ಆಗ ಹಾಸ್ಟೆಲ್‌ಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು.

ಒಂದು ಹಳೆಯ ಒಗಟನ್ನೇ ನೋಡೋಣ. ನೋಡಲು ಒಂದೇ ತರಹದ 9 ಗುಂಡುಗಳಿವೆ. ಒಂದು ಮಾತ್ರ ಸ್ವಲ್ಪ ಭಾರ. ತಕ್ಕಡಿಯಲ್ಲಿ ಎರಡೇ ಬಾರಿ ತೂಗಿ ಅದನ್ನು ಹುಡುಕಬೇಕು. ಮೂರು ಗುಂಡುಗಳನ್ನು ಒಂದು ತಟ್ಟೆಗೆ, ಮೂರನ್ನು ಇನ್ನೊಂದಕ್ಕೆ ಹಾಕಿ. ಒಂದು ತಟ್ಟೆ ಇಳಿದರೆ ಭಾರದ ಗುಂಡು ಅಲ್ಲಿದೆ. ಸಮ ನಿಂತರೆ ಹೊರಗುಳಿದ ಮೂರರಲ್ಲಿದೆ. ಆ ಮೂರರಲ್ಲಿ ಮತ್ತೆ ಒಂದಕ್ಕೊಂದು ತೂಗಿದರೆ ಮುಗಿಯಿತು. ಇದನ್ನು ಬಾಯಿಪಾಠ ಮಾಡಿ ಬರುವವರು ಬಹಳ. ಅದಕ್ಕೇ ನಾವು, “10 ಗುಂಡುಗಳಿದ್ದರೆ?” ಎಂದು ಕೇಳುತ್ತೇವೆ. ಒಂದು ತೂಕಕ್ಕೆ ಮೂರು ಫಲಿತಾಂಶ: ಎಡ, ಬಲ, ಸಮ. ಎರಡು ತೂಕಕ್ಕೆ ಮೂರು ಮೂರಲೆ ಒಂಬತ್ತು. ಹತ್ತನೆಯ ಗುಂಡಿಗೆ ಮೂರನೆಯ ತೂಕ ಬೇಕೇ ಬೇಕು. ಆದರೆ ಆ ಮೂರು ತೂಕ 27 ಗುಂಡುಗಳವರೆಗೂ ಸಾಕು. ಕಾರಣ ತಿಳಿದವರಿಗೆ ಇದು ಅರ್ಧ ನಿಮಿಷದ ಮಾತು.

ಇನ್ನು ಸಿವಿಲ್ ಇಂಜಿನಿಯರುಗಳಿಗೆ ನಾವು ತಪ್ಪದೆ ಕೇಳುವ ಪ್ರಶ್ನೆ: ಬಾಲ್ಕನಿಯ ಕಾಂಕ್ರೀಟಿನಲ್ಲಿ ಮುಖ್ಯ ಕಬ್ಬಿಣದ ಸರಳು ಮೇಲಿರಬೇಕೋ ಕೆಳಗಿರಬೇಕೋ? ವಿದ್ಯಾರ್ಥಿಗಳೇ, ಇದನ್ನು ನೀವೇ ಕಂಡುಕೊಳ್ಳಬಹುದು. ಉದ್ದನೆಯ ರಬ್ಬರಿನ ಪಕ್ಕದಲ್ಲಿ ಪೆನ್ನಿನಿಂದ ಹತ್ತಿರ ಹತ್ತಿರ ನೆಟ್ಟಗೆರೆಗಳನ್ನು ಎಳೆಯಿರಿ. ಅದನ್ನು ಎರಡು ಪೆನ್ಸಿಲ್‌ಗಳ ಮೇಲಿಟ್ಟು ನಡುವೆ ಒತ್ತಿ. ಗೆರೆಗಳು ಕೆಳಗೆ ದೂರ ಸರಿಯುತ್ತವೆ, ಮೇಲೆ ಹತ್ತಿರವಾಗುತ್ತವೆ. ಅಂದರೆ ಕೆಳಭಾಗ ಹಿಗ್ಗುತ್ತಿದೆ. ಕಾಂಕ್ರೀಟು ಅದುಮಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಆದ್ದರಿಂದ ಎರಡು ಕಡೆ ಆಧಾರವಿರುವ ತೊಲೆಗೆ ಸರಳು ಕೆಳಗೆ. ಈಗ ಅದೇ ರಬ್ಬರಿನ ಒಂದು ತುದಿಯನ್ನು ಬಿಗಿಯಾಗಿ ಹಿಡಿದು ಇನ್ನೊಂದು ತುದಿಯನ್ನು ಕೆಳಕ್ಕೆ ಬಗ್ಗಿಸಿ. ಈ ಸಲ ಹಿಗ್ಗುವುದು ಮೇಲ್ಭಾಗ! ಬಾಲ್ಕನಿಯೂ ಹೀಗೆಯೇ ಒಂದೇ ಕಡೆ ಹಿಡಿದ ಹಲಗೆ, ಹಾಗಾಗಿ ಸರಳು ಮೇಲೆ. ಕಾಂಕ್ರೀಟ್ ಹಾಕುವಾಗ ಕೆಲಸಗಾರರು ಮೇಲಿನ ಸರಳನ್ನು ತುಳಿದು ಕೆಳಗಿಳಿಸಿದರೆ, ಅದರ ಮೇಲೆ ಮುಂದೊಂದು ದಿನ ನಿಲ್ಲುವವರ ಜೀವಕ್ಕೇ ಅಪಾಯ. ಶೇಕಡಾ ತೊಂಬತ್ತು ಅಂಕ ಪಡೆದವರೂ ಈ ಪ್ರಶ್ನೆಗೆ ತಡವರಿಸಿದ್ದನ್ನು ನಾವು ನೋಡಿದ್ದೇವೆ. ಸೂತ್ರ ಬರುತ್ತದೆ, ಬಾಲ್ಕನಿ ಕಣ್ಣಿಗೆ ಕಟ್ಟುವುದಿಲ್ಲ.

ಕಂಪ್ಯೂಟರ್ ವಿಭಾಗದಲ್ಲಿ ಇದಕ್ಕೆ ಸಾಟಿಯಾದದ್ದು ಹುಡುಕಾಟದ ಪ್ರಶ್ನೆ. 1000 ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರನ್ನು ಎಷ್ಟು ಬೇಗ ಹುಡುಕಬಹುದು? ನಡುವಿನ ಹೆಸರು ನೋಡಿ ಅರ್ಧ ಪಟ್ಟಿಯನ್ನು ಬಿಟ್ಟುಬಿಡುತ್ತಾ ಹೋದರೆ ಹೆಚ್ಚೆಂದರೆ 10 ಬಾರಿ ನೋಡಿದರೆ ಸಾಕು. ಹೆಸರುಗಳು ಹತ್ತು ಲಕ್ಷವಾದರೂ 20 ಬಾರಿ. ಆದರೆ ನಾವು ಕಾಯುವುದು ಈ ಉತ್ತರಕ್ಕಲ್ಲ. “ಪಟ್ಟಿ ಅಕಾರಾದಿಯಾಗಿ ಜೋಡಿಸಿದೆಯೇ ಸರ್?” ಎಂದು ಅಭ್ಯರ್ಥಿಯೇ ಮೊದಲು ಕೇಳಲಿ ಎಂದು ಕಾಯುತ್ತೇವೆ. ಜೋಡಿಸದ ಪಟ್ಟಿಯಲ್ಲಿ ಈ ಉಪಾಯ ನಡೆಯುವುದಿಲ್ಲವಲ್ಲ.

ಬಯೋಡಾಟಾದಲ್ಲಿ ಬರೆದ ಪ್ರಾಜೆಕ್ಟಿನ ಮೇಲೆ ಪ್ರಶ್ನೆ ಖಂಡಿತ. ಅಂಗಡಿಯಲ್ಲಿ ಕೊಂಡು ತಂದ ಪ್ರಾಜೆಕ್ಟು “ಇದರಲ್ಲಿ ನೀವು ಮಾಡಿದ ಭಾಗ ಯಾವುದು?” ಎಂಬ ಒಂದೇ ಮಾತಿಗೆ ಸಿಕ್ಕಿಬೀಳುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ನಾವು ಬೇರೆ ವಿಷಯಕ್ಕೆ ಹೋಗುತ್ತೇವೆ. ಸುಳ್ಳು ಉತ್ತರ ಹೆಣೆದರೆ ಅದೇ ಜಾಗದಲ್ಲಿ ಇನ್ನೂ ನಾಲ್ಕು ಪ್ರಶ್ನೆ ಬೀಳುತ್ತವೆ.

ನಮ್ಮ ಮನಸ್ಸಿಗೆ ಹೆಚ್ಚು ನೋವಾಗುವುದು ಇನ್ನೊಂದು ವಿಷಯಕ್ಕೆ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರು ಉತ್ತರ ಗೊತ್ತಿದ್ದರೂ ಇಂಗ್ಲಿಷಿಗೆ ಹೆದರಿ ತಲೆ ತಗ್ಗಿಸಿ ಕೂರುತ್ತಾರೆ. ಮೌನವನ್ನು ಅಜ್ಞಾನವೆಂದೇ ಬರೆದುಕೊಳ್ಳುವ ಸಂದರ್ಶಕರೂ ಇದ್ದಾರೆ, ಅದು ಅನ್ಯಾಯ. ನಾವು ಕಾಗದ, ಪೆನ್ನು ಮುಂದಿಟ್ಟು “ಬರೆದು ತೋರಿಸಿ” ಎನ್ನುತ್ತೇವೆ. ಎಷ್ಟೋ ಸಲ ಚಿತ್ರ ಸರಿಯಾಗಿ ಮೂಡುತ್ತದೆ, ಹಿಂದೆಯೇ ಮಾತೂ ಬರುತ್ತದೆ. ಕಾಗದ ಕೊಡದಿದ್ದರೆ ಕೇಳಿ ಪಡೆಯಿರಿ, ಅದರಲ್ಲಿ ತಪ್ಪೇನಿಲ್ಲ. ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದಕ್ಕೆ ತಿರುಗುಮುರುಗು ತೊಂದರೆ. ಇಂಗ್ಲಿಷ್ ಸರಾಗವಾಗಿ ಹರಿಯುತ್ತದೆ, ಅದರೊಳಗೆ ವಿಷಯ ಮಾತ್ರ ತೆಳು. ಅಂಥವರು ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದೇಕೆ ಎಂಬುದನ್ನು ಊರಿನ ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲೇ ಹೇಳಿನೋಡಲಿ. ಒತ್ತಡ ಹೆಚ್ಚಾದಾಗ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೂ ಬಿಸಿಯಾಗುತ್ತದೆ ಎಂಬುದು ಅಜ್ಜಿಗೆ ಅರ್ಥವಾದರೆ, ಸಂದರ್ಶಕರಿಗೂ ಅರ್ಥವಾಗುತ್ತದೆ.

ಪೋಷಕರಲ್ಲಿ ಒಂದು ವಿನಂತಿ. ಮೊದಲ ಸಂದರ್ಶನದಲ್ಲಿ ಆಯ್ಕೆಯಾಗದೆ ಬಂದ ದಿನ ಪಕ್ಕದ ಮನೆಯವರ ಮಗಳ ಸಂಬಳದ ಸುದ್ದಿ ಬೇಡ. ಏನೇನು ಕೇಳಿದರು ಎಂದು ಕೇಳಿ, ಆ ಪ್ರಶ್ನೆಗಳನ್ನು ಅಂದೇ ಬರೆದಿಡಲು ಹೇಳಿ. ಮುಂದಿನ ಸಂದರ್ಶನಕ್ಕೆ ಅದೇ ಪಠ್ಯಪುಸ್ತಕ.

ಕೊನೆಗೆ, ಬಿಡಿಸಲು ಒಂದು ಒಗಟು: ಎರಡು ಹಗ್ಗಗಳಿವೆ. ಒಂದು ತುದಿಗೆ ಬೆಂಕಿ ಹಚ್ಚಿದರೆ ಪ್ರತಿಯೊಂದೂ ಪೂರ್ತಿ ಉರಿಯಲು ಸರಿಯಾಗಿ ಒಂದು ಗಂಟೆ ಬೇಕು, ಆದರೆ ಎಲ್ಲ ಕಡೆ ಒಂದೇ ವೇಗದಲ್ಲಿ ಉರಿಯುವುದಿಲ್ಲ. ಗಡಿಯಾರವಿಲ್ಲದೆ 45 ನಿಮಿಷ ಅಳೆಯುವುದು ಹೇಗೆ? ಹಗ್ಗಕ್ಕೆ ಎರಡು ತುದಿಗಳಿವೆ ಎಂಬುದೇ ಸುಳಿವು. ನಿಜವಾದ ಹಗ್ಗ, ಬೆಂಕಿಪೊಟ್ಟಣ ಬೇಡ. ಕಾಗದ, ಪೆನ್ನು ಸಾಕು.