ಎಲೆಯು ನೀರನ್ನು ಒಡೆಯುವ ಬಗೆ

ಹಸಿರು ಗಿಡವು ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲಜನಕವನ್ನು ಹೊರಬಿಡುತ್ತದೆಂಬುದು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದ ಸಂಗತಿ. ಆದರೆ ಆ ಆಮ್ಲಜನಕವು ಎಲ್ಲಿಂದ ಬಂದಿತೆಂದು ಕೇಳಿದರೆ, ಇಂಗಾಲದ ಡೈಆಕ್ಸೈಡಿನಿಂದಲೇ ಎಂದು ಬಹುಮಂದಿ ಉತ್ತರಿಸುವರು. ವಿಜ್ಞಾನಿಗಳೂ ದೀರ್ಘಕಾಲ ಹಾಗೆಯೇ ಭಾವಿಸಿದ್ದರು. 1941ರಲ್ಲಿ ಅಮೆರಿಕದ ರೂಬೆನ್, ಕಾಮೆನ್ ಮತ್ತು ಅವರ ಸಂಗಡಿಗರು ಭಾರವಾದ ಆಮ್ಲಜನಕವನ್ನುಳ್ಳ ನೀರನ್ನು ಪಾಚಿಗೆ ಒದಗಿಸಿ ಪರೀಕ್ಷಿಸಿದಾಗ, ಹೊರಬಂದ ಅನಿಲದಲ್ಲಿ ಅದೇ ಭಾರದ ಆಮ್ಲಜನಕವು ಕಂಡುಬಂದಿತು. ನಾವು ಉಸಿರಾಡುವ ಆಮ್ಲಜನಕವು ಒಡೆದ ನೀರಿನ ಕೊಡುಗೆ ಎಂಬುದು ಇದರಿಂದ ವ್ಯಕ್ತವಾಯಿತು.

ನೀರು ಸುಲಭವಾಗಿ ಒಡೆಯುವ ವಸ್ತುವಲ್ಲ. ಎಲೆಯಲ್ಲಿರುವ ಪತ್ರಹರಿತ್ತು ಬೆಳಕನ್ನು ಹೀರಿ ಒಂದು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ; ಆ ಕೊರತೆಯನ್ನು ನೀರಿನಿಂದ ತುಂಬಿಕೊಳ್ಳುತ್ತದೆ. ಈ ಕಾರ್ಯವನ್ನು ನಡೆಸುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಹಾಗೂ ಐದು ಆಮ್ಲಜನಕ ಪರಮಾಣುಗಳ ಒಂದು ಸಣ್ಣ ಗೊಂಚಲು. ನಾಲ್ಕು ಸಲ ಬೆಳಕು ತಾಗಿ ನಾಲ್ಕು ಎಲೆಕ್ಟ್ರಾನುಗಳು ಹೊರಟ ಮೇಲೆಯೇ ಎರಡು ನೀರಿನ ಅಣುಗಳಿಂದ ಒಂದು ಆಮ್ಲಜನಕದ ಅಣು ಹೊರಬೀಳುತ್ತದೆ. ಈ ನಾಲ್ಕು ಮೆಟ್ಟಿಲುಗಳ ಕ್ರಮವನ್ನು 1970ರಲ್ಲಿ ಕಾಕ್ ಮತ್ತು ಸಂಗಡಿಗರು ವಿವರಿಸಿದರು. ಗೊಂಚಲಿನ ರಚನೆಯನ್ನು 2011ರಲ್ಲಿ ಜಪಾನಿನ ವಿಜ್ಞಾನಿಗಳು ಸ್ಪಷ್ಟವಾಗಿ ತೋರಿಸಿಕೊಟ್ಟರು. ಹೀಗೆ ಪಡೆದ ಎಲೆಕ್ಟ್ರಾನುಗಳಿಂದಲೇ ಗಿಡವು ಸಕ್ಕರೆಯನ್ನು ಕಟ್ಟುತ್ತದೆ.

ನಮ್ಮ ಜಿಲ್ಲೆಗೂ ಈ ವಿಷಯಕ್ಕೂ ನಿಕಟ ಸಂಬಂಧವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನವಿಯ ಭತ್ತದ ಗದ್ದೆಯಲ್ಲಿ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿಯುವ ದೇವದುರ್ಗದ ಹೊಲದಲ್ಲಿ ಹಗಲೆಲ್ಲ ನಡೆಯುವುದು ಈ ಕಾರ್ಯವೇ. ರಾಯಚೂರಿನ ಸಮೀಪ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ತನ್ನು ನೀಡುತ್ತ ಬಂದ ಶಾಖೋತ್ಪನ್ನ ಕೇಂದ್ರವು ಉರಿಸುವ ಕಲ್ಲಿದ್ದಲು ಸಹ, ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದಿನ ಎಲೆಗಳು ಕೂಡಿಟ್ಟ ಬಿಸಿಲೇ ಆಗಿದೆ. ಕೋಟ್ಯಂತರ ವರ್ಷಗಳ ಆ ಗಳಿಕೆಯನ್ನು ನಾವು ಕೆಲವೇ ತಲೆಮಾರುಗಳಲ್ಲಿ ಸುಟ್ಟು ಮುಗಿಸುತ್ತಿದ್ದೇವೆ.

ಹಾಗಾದರೆ ಇಂದಿನ ಬಿಸಿಲನ್ನೇ ಇಂಧನವಾಗಿ ಕೂಡಿಡಲಾಗದೆ? ಸೌರಫಲಕವು ತನ್ನ ಮೇಲೆ ಬಿದ್ದ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲನ್ನು ವಿದ್ಯುತ್ತಾಗಿಸುತ್ತದೆ. ಬೆಳೆಯು ಕೂಡಿಡುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಆದರೆ ಸೂರ್ಯನು ಮುಳುಗಿದೊಡನೆ ಫಲಕವು ನಿಲ್ಲುತ್ತದೆ. ಎಲೆಯ ಗಳಿಕೆ ಕಾಳಾಗಿ, ಕಟ್ಟಿಗೆಯಾಗಿ ಉಳಿಯುತ್ತದೆ. ಈ ಉಳಿತಾಯದ ವಿದ್ಯೆಯನ್ನು ಕಲಿಯಲು ವಿಜ್ಞಾನಿಗಳು ಯತ್ನಿಸುತ್ತಿದ್ದಾರೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಅವರು, ಬಿಳಿ ಬಣ್ಣಗಳಲ್ಲಿ ಬಳಕೆಯಾಗುವ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಹಾಯಿಸಿ ನೀರನ್ನು ಒಡೆದರು. ಆದರೆ ಅದಕ್ಕೆ ಬಿಸಿಲಿನಲ್ಲಿ ಅತ್ಯಲ್ಪವಾಗಿರುವ ನೇರಳಾತೀತ ಕಿರಣಗಳೇ ಬೇಕಾಗಿದ್ದವು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ನಮ್ಮ ನಾಡಿನವರೇ ಆದ ಪ್ರೊ. ಸಿ. ಎನ್. ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು, ಕಣ್ಣಿಗೆ ಕಾಣುವ ಬೆಳಕಿನಿಂದಲೇ ನೀರಿನ ಜಲಜನಕವನ್ನು ಪಡೆಯುವ ಪದಾರ್ಥಗಳನ್ನು ಕುರಿತು ಸಂಶೋಧನೆ ನಡೆಸಿದ್ದಾರೆ. ಜಲಜನಕವು ಉರಿದರೆ ಉಳಿಯುವುದು ಮತ್ತೆ ನೀರೇ.

ಎಲೆಯಿಂದ ಕಲಿಯಬೇಕಾದ ಪಾಠಗಳು ಎರಡು. ನೀರನ್ನು ಒಡೆಯುವ ಕೆಲವು ಯಂತ್ರಗಳಿಗೆ ಪ್ಲಾಟಿನಂ, ಇರಿಡಿಯಂಗಳಂತಹ ದುರ್ಲಭ ಲೋಹಗಳು ಬೇಕು. ಎಲೆಗೆ ನೆರೆಯ ಸಂಡೂರಿನ ಗಣಿಗಳಲ್ಲಿ ದೊರೆಯುವ ಮ್ಯಾಂಗನೀಸ್, ಸುಣ್ಣದಲ್ಲಿರುವ ಕ್ಯಾಲ್ಸಿಯಂ ಸಾಕು. ಹಟ್ಟಿಯ ಚಿನ್ನದಂತಹ ಬೆಲೆಯುಳ್ಳ ಲೋಹ ಬೇಡ. ಎರಡನೆಯದು, ದುರಸ್ತಿ. ಪ್ರಖರ ಬಿಸಿಲಿನಲ್ಲಿ ನೀರನ್ನೊಡೆಯುವ ಈ ಏರ್ಪಾಡಿನ ಒಂದು ಪ್ರೋಟೀನು ಮೇಲಿಂದ ಮೇಲೆ ಹಾಳಾಗುತ್ತದೆ. ಎಲೆಯು ಅದನ್ನು ಕಿತ್ತು ಹೊಸದನ್ನು ಕೂಡಿಸುತ್ತಲೇ ಇರುತ್ತದೆ. ಮಾನವನು ನಿರ್ಮಿಸಿದ ಕೃತಕ ಎಲೆಗಳಲ್ಲಿ ಹಲವು ಬೇಗನೆ ಕೆಡುತ್ತವೆ. ಅಗ್ಗದ, ಬಾಳಿಕೆಯುಳ್ಳ ಸಾಧನವು ದೊರೆತ ದಿನ, ನಮ್ಮ ಬಯಲುಸೀಮೆಯ ಬಿಸಿಲು ಬೇಗೆಯೆನಿಸದೆ ಸಂಪತ್ತೆನಿಸೀತು.

ಶಾಲೆಯ ಪ್ರಯೋಗಾಲಯದಲ್ಲಿ ಹೈಡ್ರಿಲ್ಲಾ ಗಿಡದಿಂದ ಗುಳ್ಳೆಗಳೇಳುವುದನ್ನು ತೋರಿಸುವ ಉಪಾಧ್ಯಾಯರು, ಅದು ಯಾವ ಅನಿಲವೆಂದು ಕೇಳಿ ಸುಮ್ಮನಾಗದೆ, ಅದು ಯಾವುದರಿಂದ ಬಂದಿತೆಂದೂ ಕೇಳುವುದು ಲೇಸು. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಅರಿತ ಬಾಲಕನಿಗಾಗಲಿ ಬಾಲಕಿಗಾಗಲಿ ಮುಂದಿನ ಶೋಧನೆಯ ಬಾಗಿಲು ತೆರೆದಂತಾಗುತ್ತದೆ.